ವೈರಸ್ ಸೋಂಕು ಮತ್ತು ಹೃದಯದ ರಕ್ತಸೂಚಕಗಳು

ವೈರಸ್ ಸೋಂಕಿನಿಂದ ಆಸ್ಪತ್ರೆ ಸೇರಿದ ರೋಗಿಯ ಹೃದಯಸ್ನಾಯುವಿಗೆ ಪೆಟ್ಟು ಬಿದ್ದಿದೆಯೇ, ಹೃದಯದ ಮೇಲಿನ ಭಾರ ಹೆಚ್ಚಿದೆಯೇ ಎಂಬುದನ್ನು ರಕ್ತದಲ್ಲಿ ತೋರಿಸಿಕೊಡುವ ಪದಾರ್ಥಗಳಿಗೆ ಹೃದಯದ ರಕ್ತಸೂಚಕಗಳೆಂದು ಹೆಸರು. ಇವುಗಳಲ್ಲಿ ಮುಖ್ಯವಾದವು ಎರಡು. ಸ್ನಾಯುಕೋಶ ಹಾನಿಗೊಂಡಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಒಂದು. ಹೃದಯದ ಗೋಡೆ ಹಿಗ್ಗಿದಾಗ ಹೃದಯವೇ ಸ್ರವಿಸುವ ಬಿಎನ್‌ಪಿ ಗುಂಪಿನ ಹಾರ್ಮೋನು ಇನ್ನೊಂದು. ರಕ್ತ ಹೆಪ್ಪುಗಟ್ಟಿ ಕರಗುವುದನ್ನು ತೋರಿಸುವ ಡಿ-ಡೈಮರ್, ಉರಿಯೂತವನ್ನು ತೋರಿಸುವ ಸಿಆರ್‌ಪಿ ಮತ್ತು ಫೆರಿಟಿನ್ ಹೃದಯಕ್ಕೇ ಸೇರಿದವಲ್ಲ. ಆದರೂ ವೈರಸ್ ಜ್ವರದ ರೋಗಿಯಲ್ಲಿ ಇವೆಲ್ಲವನ್ನೂ ಒಟ್ಟಿಗೆ ಓದಬೇಕಾಗುತ್ತದೆ.

ಸೂಚಕ ಏರಿದ ರೋಗಿಗಳಲ್ಲಿ ಸಾವಿನ ಪ್ರಮಾಣ ಹಲವು ಪಟ್ಟು ಹೆಚ್ಚು ಎಂಬುದು 2020ರಿಂದೀಚೆಗೆ ಚೆನ್ನಾಗಿ ಸ್ಥಾಪಿತವಾಗಿದೆ. ಹಾಗೆಂದು ಏರಿದ ಅಂಕಿ ಹೃದಯಾಘಾತದ ತೀರ್ಪಲ್ಲ. ಅದಕ್ಕೆಂದೇ ಪ್ರತ್ಯೇಕ ಔಷಧವೂ ಇಲ್ಲ. ರೋಗಿಯನ್ನು ಎಲ್ಲಿ ಇಡಬೇಕು, ಎಷ್ಟು ಹತ್ತಿರದಿಂದ ನೋಡಿಕೊಳ್ಳಬೇಕು, ದೊಡ್ಡ ಆಸ್ಪತ್ರೆಗೆ ಯಾವಾಗ ಕಳಿಸಬೇಕು ಎಂಬುದನ್ನು ಹೊತ್ತಿಗೆ ಮುಂಚೆ ಹೇಳುವುದೇ ಈ ಪರೀಕ್ಷೆಗಳ ನಿಜವಾದ ಉಪಯೋಗ. ಪರೀಕ್ಷಾಲಯ ಕೂಗಳತೆಯಲ್ಲಿರುವ ನಗರಕ್ಕಿಂತ ಬಾಗಲಕೋಟೆ ಜಿಲ್ಲೆಯ ಬೇವೂರಿನಂಥ ಊರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಬಾಗಲಕೋಟೆ ಸೀಮೆ ಮತ್ತು ವೈರಸ್ ಜ್ವರಗಳು

ಬೇವೂರು ಬಾಗಲಕೋಟೆ ತಾಲ್ಲೂಕಿನ ಗ್ರಾಮ. ಜಿಲ್ಲೆ 1997ರಲ್ಲಿ ಅಂದಿನ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟಿತು; 2011ರ ಜನಗಣತಿಯಲ್ಲಿ ಇದರ ಜನಸಂಖ್ಯೆ ಸುಮಾರು 18.9 ಲಕ್ಷ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬಹುಭಾಗ ಬಿಟ್ಟುಕೊಟ್ಟ ಮೇಲೆ ಕಟ್ಟಿದ ನವನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಬಸವೇಶ್ವರ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಗಳೂ ಅಲ್ಲಿಯೇ ಇವೆ. ಬೇವೂರು, ಅಮೀನಗಡ, ಗುಡೂರು ಕಡೆಯ ಜನ ಜ್ವರ ಬಂದರೆ ಮೊದಲು ಊರಿನ ವೈದ್ಯರಲ್ಲಿಗೆ ಹೋಗುತ್ತಾರೆ. ಇಳಿಯದಿದ್ದರೆ ಹುನಗುಂದಕ್ಕೋ ಇಳಕಲ್ಲಿಗೋ ಹೋಗುತ್ತಾರೆ. ದಮ್ಮು ಹತ್ತಿದಾಗ ನವನಗರದ ಹಾದಿ ಹಿಡಿಯುತ್ತಾರೆ. ಈ ಮೆಟ್ಟಿಲುಗಳ ನಡುವೆ ಹೋಗುವ ದಿನಗಳಲ್ಲೇ ಹೃದಯದ ತೊಂದರೆ ಬಲಿಯುತ್ತದೆ.

ಈ ಸೀಮೆಗೆ ದೊಡ್ಡ ವೈರಸ್ ಪಿಡುಗು ಕೋವಿಡ್‌ನಿಂದಲೇ ಮೊದಲಾಗಲಿಲ್ಲ. ಭಾರತದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ತಣ್ಣಗಿದ್ದ ಚಿಕೂನ್‌ಗುನ್ಯ 2005ರ ಕೊನೆಯಲ್ಲಿ ಮರಳಿತು. ಮರುವರ್ಷ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಉತ್ತರ ಕರ್ನಾಟಕದ ಜಿಲ್ಲೆಗಳು ಹೆಚ್ಚು ನೊಂದವು. ಮನೆಮಂದಿಯೆಲ್ಲ ಕೀಲು ಹಿಡಿದು ಮಲಗಿದ ಆ ವರ್ಷ ವೈದ್ಯರ ಗಮನವೂ ಕೀಲುಗಳ ಮೇಲೆಯೇ ಇತ್ತು. ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಇದೇ ವೈರಸ್ಸಿನಿಂದ ತೀವ್ರವಾಗಿ ಬಳಲಿದ ವಯಸ್ಕರಲ್ಲಿ ಹೃದಯಸ್ನಾಯುವಿನ ಉರಿಯೂತ ಮತ್ತು ಹೃದಯ ವೈಫಲ್ಯ ವರದಿಯಾದವು. ಕೀಲುನೋವಿನ ಜ್ವರವೆಂದು ಹೆಸರಾದ ರೋಗ ಹೃದಯವನ್ನೂ ಮುಟ್ಟುತ್ತದೆ ಎಂಬ ತಿಳಿವಳಿಕೆ ನಮ್ಮ ಹಳ್ಳಿಗಳಿಗೆ ಬಹಳ ತಡವಾಗಿ ಬಂತು. ಡೆಂಗಿ ಈಗ ಪ್ರತಿ ಮಳೆಗಾಲದ ಅತಿಥಿ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗಗಳ ಕಾಯಿದೆಯಡಿ ಅಧಿಸೂಚಿಸಿತು. ಮಲೆನಾಡಿನ ಕ್ಯಾಸನೂರು ಕಾಡಿನ ಕಾಯಿಲೆಯಲ್ಲಿಯೂ, 1957ರಲ್ಲಿ ಅದು ಗುರುತಾದಂದಿನಿಂದ, ನಾಡಿ ನಿಧಾನವಾಗುವುದು ಮತ್ತು ರಕ್ತದೊತ್ತಡ ಇಳಿಯುವುದು ವೈದ್ಯರ ಗಮನದಲ್ಲಿದೆ.

ಕೋವಿಡ್‌ನಿಂದ ದೇಶದಲ್ಲಿ ಮೊದಲ ಸಾವು 2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ಸಂಭವಿಸಿತು. ಏಪ್ರಿಲ್ ಮೊದಲ ವಾರದಲ್ಲಿ ಬಾಗಲಕೋಟೆಯಲ್ಲೂ ಒಬ್ಬ ಹಿರಿಯರು ತೀರಿಕೊಂಡರು. ಮೇ ತಿಂಗಳಲ್ಲಿ ಸೋಂಕು ಹರಡಿದ್ದರಿಂದ ಬಾದಾಮಿ ತಾಲ್ಲೂಕಿನ ಢಾಣಕಶಿರೂರಿನ ಹೆಸರು ನಾಡಿಗೆಲ್ಲ ಕೇಳುವಂತಾಯಿತು. 2021ರ ಎರಡನೆಯ ಅಲೆಯ ಹೊತ್ತಿಗಂತೂ ಡಿ-ಡೈಮರ್, ಸಿಆರ್‌ಪಿ, ಸಿಟಿ ಸ್ಕೋರ್ ಎಂಬ ಮಾತುಗಳು ಸಂತೆಯಲ್ಲೂ ಕೇಳಿಬರುತ್ತಿದ್ದವು. ಪರೀಕ್ಷೆಯ ಹೆಸರು ಗೊತ್ತಾದಷ್ಟು ಬೇಗ ಅದರ ಅರ್ಥ ಗೊತ್ತಾಗಲಿಲ್ಲ. ಚೀಟಿಯಲ್ಲಿ ಒಂದು ಅಂಕಿ ಕೆಂಪಾದರೆ ಸಾಕು, ಮನೆಮಂದಿ ಎದೆಗುಂದುತ್ತಿದ್ದರು. ಆ ಅರ್ಥವನ್ನು ಬಿಡಿಸಿ ಹೇಳುವುದು ಈಗಲೂ ಬಾಕಿ ಇರುವ ಕೆಲಸ.

ಟ್ರೋಪೋನಿನ್

ಸ್ನಾಯು ಸಂಕುಚಿಸಲು ಕ್ಯಾಲ್ಸಿಯಂ ಬೇಕು. ಆ ಕ್ಯಾಲ್ಸಿಯಂನ ಸಂದೇಶವನ್ನು ಸ್ನಾಯುತಂತುವಿಗೆ ಮುಟ್ಟಿಸುವ ಪ್ರೋಟೀನು ಟ್ರೋಪೋನಿನ್. 1960ರ ದಶಕದಲ್ಲಿ ಜಪಾನಿನ ಸೆತ್ಸುರೊ ಎಬಾಶಿ ಅದನ್ನು ಗುರುತಿಸಿದರು. ಅದರಲ್ಲಿ ಸಿ, ಐ, ಟಿ ಎಂಬ ಮೂರು ಭಾಗಗಳಿವೆ. ಐ ಮತ್ತು ಟಿ ಭಾಗಗಳ ಹೃದಯದ ರೂಪ ಕೈಕಾಲಿನ ಸ್ನಾಯುಗಳ ರೂಪಕ್ಕಿಂತ ಬೇರೆಯಾದ್ದರಿಂದ, ರಕ್ತದಲ್ಲಿ ಅವು ಕಂಡರೆ ಹೃದಯದಿಂದಲೇ ಬಂದವೆಂದು ಹೇಳಬಹುದು. ಇದಕ್ಕೆ ಮುಂಚೆ ವೈದ್ಯರು ನೆಚ್ಚಿಕೊಂಡಿದ್ದದ್ದು ಕಿಣ್ವಗಳನ್ನು. 1954ರಲ್ಲಿ ನ್ಯೂಯಾರ್ಕಿನಲ್ಲಿ ವರದಿಯಾದ ಎಸ್‌ಜಿಒಟಿ, ಆಮೇಲೆ ಎಲ್‌ಡಿಎಚ್ ಮತ್ತು ಸಿಕೆ-ಎಂಬಿ ಬಳಕೆಗೆ ಬಂದವು. ಎಸ್‌ಜಿಒಟಿ ಯಕೃತ್ತಿನಿಂದಲೂ ಬರುತ್ತದೆ. ಡೆಂಗಿಯಲ್ಲಿ ಯಕೃತ್ತು ನೋಯುವುದು ಸಾಮಾನ್ಯವಾದ್ದರಿಂದ ಆ ರೋಗಿಯ ಹೃದಯದ ಬಗ್ಗೆ ಅದು ಏನನ್ನೂ ಹೇಳಲಾರದು. ಮೈಕೈ ನೋವಿನ ಜ್ವರದಲ್ಲಿ ಸಿಕೆ ಏರುವುದೂ ಹಾಗೆಯೇ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಹ್ಯೂಗೊ ಕಾಟುಸ್ ಮತ್ತು ಸಂಗಡಿಗರು ಟ್ರೋಪೋನಿನ್ ಟಿ ಅಳೆಯುವ ವಿಧಾನ ರೂಪಿಸಿದ ಮೇಲೆ ಹಳೆಯ ಕಿಣ್ವಗಳು ಹಿಂದೆ ಸರಿದವು.

ಈಗಿನ ಅತಿಸೂಕ್ಷ್ಮ ಪರೀಕ್ಷೆಗಳು ಆರೋಗ್ಯವಂತರ ರಕ್ತದಲ್ಲಿರುವ ಅತ್ಯಲ್ಪ ಟ್ರೋಪೋನಿನ್ನನ್ನೂ ಅಳೆಯುತ್ತವೆ. ಆರೋಗ್ಯವಂತರ ಸಮೂಹದಲ್ಲಿ ನೂರಕ್ಕೆ 99 ಮಂದಿ ಯಾವ ಮಟ್ಟದೊಳಗೆ ಇರುತ್ತಾರೋ ಅದೇ ಮೇರೆ. ಅತಿಸೂಕ್ಷ್ಮ ಟ್ರೋಪೋನಿನ್ ಟಿಗೆ ಲೀಟರ್‌ಗೆ 14 ನ್ಯಾನೋಗ್ರಾಂ ಎಂಬ ಮೇರೆ ಬಳಕೆಯಲ್ಲಿದೆ. ಟ್ರೋಪೋನಿನ್ ಐ ಪರೀಕ್ಷೆಯ ಮೇರೆ ಕಂಪನಿಯಿಂದ ಕಂಪನಿಗೆ ಬೇರೆ. ಹೆಂಗಸರಿಗೆ ಗಂಡಸರಿಗಿಂತ ಕಡಿಮೆ. ಆದ್ದರಿಂದ ಒಂದು ಲ್ಯಾಬಿನ ಚೀಟಿಯನ್ನು ಇನ್ನೊಂದರ ಚೀಟಿಗೆ ಹೋಲಿಸುವುದು ಸಲ್ಲದು. ಇಳಕಲ್ಲಿನಲ್ಲಿ ಮಾಡಿಸಿದ್ದು ಟ್ರೋಪೋನಿನ್ ಐ, ನವನಗರದಲ್ಲಿ ಮಾಡಿಸಿದ್ದು ಟ್ರೋಪೋನಿನ್ ಟಿ ಆಗಿದ್ದರೆ ಅಂಕಿ ಏರಿತೋ ಇಳಿಯಿತೋ ಹೇಳಲು ಬರುವುದಿಲ್ಲ. ಸಣ್ಣ ಆಸ್ಪತ್ರೆಗಳಲ್ಲಿ ಬಳಸುವ ಟ್ರಾಪ್-ಟಿ ಕಾರ್ಡಿನದು ಇನ್ನೊಂದು ತೊಡಕು. ಅದು ಗೆರೆ ಮೂಡಿದೆ ಅಥವಾ ಮೂಡಿಲ್ಲ ಎಂದಷ್ಟೇ ಹೇಳುತ್ತದೆ. ದೊಡ್ಡ ಹೃದಯಾಘಾತ ಹಿಡಿಯಲು ಅದು ಸಾಕು, ವೈರಸ್ ಜ್ವರದಲ್ಲಿ ಕಾಣುವ ಸಣ್ಣ ಏರಿಕೆ ಅದರ ಕಣ್ಣಿಗೆ ಬೀಳದೆ ಹೋಗಬಹುದು.

ಹೃದಯಾಘಾತದ ಬಗೆಗಿನ 2018ರ ನಾಲ್ಕನೆಯ ಅಂತಾರಾಷ್ಟ್ರೀಯ ವ್ಯಾಖ್ಯೆ ಇಲ್ಲಿ ಒಂದು ಮುಖ್ಯ ಗೆರೆ ಎಳೆದಿದೆ. ಟ್ರೋಪೋನಿನ್ ಮೇರೆ ಮೀರಿದ್ದರೆ ಅದು ಹೃದಯಸ್ನಾಯು ಹಾನಿ. ಅದು ಏರಿಳಿಯುತ್ತಿದ್ದು, ಜೊತೆಗೆ ಎದೆನೋವು, ಇಸಿಜಿ ಬದಲಾವಣೆ ಅಥವಾ ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಗೋಡೆಯ ಚಲನೆಯ ದೋಷದಂಥ ರಕ್ತಕೊರತೆಯ ಗುರುತು ಇದ್ದಾಗ ಮಾತ್ರ ಅದಕ್ಕೆ ಹೃದಯಾಘಾತವೆಂಬ ಹೆಸರು. ಒಂದೇ ಅಂಕಿ ಬಹುಮಟ್ಟಿಗೆ ಮೂಕ; ಒಂದರಿಂದ ಮೂರು ಗಂಟೆಯ ನಂತರ ತೆಗೆದ ಎರಡನೆಯ ರಕ್ತದ ಜೊತೆ ಇಟ್ಟಾಗ ಅದು ಮಾತಾಡುತ್ತದೆ. ಏರುತ್ತಿದ್ದರೆ ಹಾನಿ ಈಗ ನಡೆಯುತ್ತಿದೆ. ಏರಿದ್ದು ಹಾಗೇ ನಿಂತಿದ್ದರೆ ಹಳೆಯ ಮೂತ್ರಪಿಂಡ ರೋಗ, ಬಹುಕಾಲದ ರಕ್ತದೊತ್ತಡ, ವಯಸ್ಸು ಇವುಗಳ ಕಡೆಗೂ ನೋಡಬೇಕು.

ಬಿಎನ್‌ಪಿ ಮತ್ತು ಎನ್‌ಟಿ-ಪ್ರೋಬಿಎನ್‌ಪಿ

ಹೃದಯ ರಕ್ತ ದೂಡುವ ಅಂಗವಷ್ಟೇ ಅಲ್ಲ, ಹಾರ್ಮೋನು ಸ್ರವಿಸುವ ಅಂಗವೂ ಹೌದು ಎಂಬುದನ್ನು 1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ತೋರಿಸಿದರು. 1988ರಲ್ಲಿ ಜಪಾನಿನ ವಿಜ್ಞಾನಿಗಳು ಹಂದಿಯ ಮಿದುಳಿನಲ್ಲಿ ಬಿಎನ್‌ಪಿ ಕಂಡರು. ಅದು ಹೆಚ್ಚಾಗಿ ಬರುವುದು ಹೃದಯದ ಕುಹರಗಳಿಂದ ಎಂಬುದು ಆಮೇಲೆ ತಿಳಿಯಿತು. 108 ಅಮೈನೋ ಆಮ್ಲಗಳ ಮೂಲ ಸರಪಳಿ ಎರಡು ತುಂಡಾಗಿ, 32ರ ತುಂಡು ಕೆಲಸ ಮಾಡುವ ಬಿಎನ್‌ಪಿಯಾಗುತ್ತದೆ; ಉಳಿದ 76ರ ತುಂಡು ಎನ್‌ಟಿ-ಪ್ರೋಬಿಎನ್‌ಪಿ. ಈ ಎರಡನೆಯದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ಅಳೆಯಲು ಅನುಕೂಲ.

ಉಸಿರಾಟದ ತೊಂದರೆಯಿಂದ ಬಂದ ರೋಗಿಯಲ್ಲಿ ಎನ್‌ಟಿ-ಪ್ರೋಬಿಎನ್‌ಪಿ ಮಿಲಿಲೀಟರ್‌ಗೆ 300 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ತೀವ್ರ ಹೃದಯ ವೈಫಲ್ಯದ ಸಾಧ್ಯತೆ ತೀರಾ ಕಡಿಮೆ. ಇದೆಯೆಂದು ಹೇಳಲು ವಯಸ್ಸಿಗೆ ತಕ್ಕ ಮೇರೆಗಳಿವೆ: 50ರ ಒಳಗಿನವರಿಗೆ 450, 75ರವರೆಗೆ 900, ಅದಕ್ಕೂ ಮೇಲ್ಪಟ್ಟವರಿಗೆ 1800. ಮೂತ್ರಪಿಂಡ ಸೋತಾಗ ಇದು ಏರುತ್ತದೆ, ಮೈ ಬೊಜ್ಜಾದವರಲ್ಲಿ ತಗ್ಗಿ ಕಾಣುತ್ತದೆ. ನ್ಯುಮೋನಿಯಾ ತೀವ್ರವಾದಾಗ ಶ್ವಾಸಕೋಶದ ರಕ್ತನಾಳಗಳ ಒತ್ತಡ ಹೆಚ್ಚಿ ಬಲ ಹೃದಯ ಹಿಗ್ಗುವುದರಿಂದ, ಹಳೆಯ ಹೃದಯರೋಗವಿಲ್ಲದವರಲ್ಲೂ ಏರಬಹುದು.

ಬಾಗಲಕೋಟೆ ಸೀಮೆಯಲ್ಲಿ ಈ ಅಂಕಿಯನ್ನು ಓದುವವರು ಕೆಲವು ಸಂಗತಿಗಳನ್ನು ನೆನಪಿಡಬೇಕು. ಬಾಲ್ಯದ ಗಂಟಲುಬೇನೆಯಿಂದ ಬಂದ ವಾತಜ್ವರ ಹೃದಯದ ಕವಾಟ ಕೆಡಿಸಿರುವ ಹೆಣ್ಣುಮಕ್ಕಳು ಇಲ್ಲಿನ ವಾರ್ಡುಗಳಿಗೆ ಹೊಸಬರಲ್ಲ. ಅಂಥವರಿಗೆ ಜ್ವರ ಬಂದು ನಾಡಿ ಓಡತೊಡಗಿದರೆ ಇಕ್ಕಟ್ಟಾದ ಕವಾಟದ ಹಿಂದೆ ರಕ್ತ ನಿಂತು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ರಕ್ತಹೀನತೆ ಇದ್ದರೆ ಹೃದಯದ ದುಡಿಮೆ ಇನ್ನೂ ಹೆಚ್ಚು. ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿ, ಕಲ್ಲು ಕೊರೆಯುವ ಕೆಲಸದಲ್ಲಿ ವರ್ಷಗಟ್ಟಲೆ ದೂಳು ಉಸಿರಾಡಿದವರಿಗೆ ಸಿಲಿಕೋಸಿಸ್ ಬಂದಿದ್ದರೆ ಬಲ ಹೃದಯ ಮೊದಲೇ ದಣಿದಿರುತ್ತದೆ. ಇಂಥವರ ಮೊದಲ ಅಂಕಿಯೇ ಮೇರೆ ಮೀರಿರಬಹುದು. ಅವರ ಹಳೆಯ ಚೀಟಿ ಕೈಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಆಧಾರವಿಲ್ಲ.

ವೈರಸ್ ಹೃದಯವನ್ನು ಮುಟ್ಟುವ ಬಗೆ

ವೈರಸ್ಸೇ ಹೃದಯದ ಕೋಶಕ್ಕೆ ನುಗ್ಗುವುದು ಒಂದು ದಾರಿ. ಕಾಕ್ಸ್‌ಸ್ಯಾಕಿ ಬಿ ವೈರಸ್ ಇದಕ್ಕೆ ಹಳೆಯ ಉದಾಹರಣೆ. ಅದರ ಒಂದು ಕಿಣ್ವ ಹೃದಯಸ್ನಾಯುವಿನ ಆಧಾರವಾದ ಡಿಸ್ಟ್ರೋಫಿನ್ ಪ್ರೋಟೀನನ್ನೇ ಕತ್ತರಿಸುತ್ತದೆ. ಕೋವಿಡ್‌ನಲ್ಲೂ ಹೀಗೇ ಆಗುತ್ತಿದೆಯೆಂದು 2020ರಲ್ಲಿ ಹಲವರು ಭಾವಿಸಿದ್ದರು. ಶವಪರೀಕ್ಷೆಗಳು ಬೇರೆಯದನ್ನು ತೋರಿಸಿದವು. 2021ರಲ್ಲಿ 277 ಶವಪರೀಕ್ಷೆಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ ನಿಜವಾದ ಹೃದಯಸ್ನಾಯು ಉರಿಯೂತ ನೂರಕ್ಕೆ ಎರಡಕ್ಕೂ ಕಡಿಮೆ ಇರಬಹುದೆಂಬ ಅಂದಾಜು ಬಂತು. ಸಣ್ಣ ರಕ್ತನಾಳಗಳಲ್ಲಿ ಹೆಪ್ಪು, ಒಂಟಿ ಕೋಶಗಳ ಸಾವು ಹೆಚ್ಚಾಗಿ ಕಂಡವು.

ಹಾಗಾದರೆ ಟ್ರೋಪೋನಿನ್ ಬಂದದ್ದೆಲ್ಲಿಂದ? ಬಹುತೇಕ ರೋಗಿಗಳಲ್ಲಿ ಉತ್ತರ ಸರಳ. ಜ್ವರದಿಂದ ನಾಡಿ ನಿಮಿಷಕ್ಕೆ 120 ದಾಟಿದೆ, ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕು. ಅತ್ತ ನ್ಯುಮೋನಿಯಾದಿಂದ ರಕ್ತದಲ್ಲಿ ಆಮ್ಲಜನಕವೇ ಕಡಿಮೆ. ಬೇಡಿಕೆ ಏರಿ ಪೂರೈಕೆ ಇಳಿದಾಗ ಸ್ನಾಯು ಸೊರಗುತ್ತದೆ.  ಇದಕ್ಕೆ ಆಂಜಿಯೋಪ್ಲಾಸ್ಟಿ ಬೇಕಿಲ್ಲ. ಆಮ್ಲಜನಕ ಬೇಕು, ಜ್ವರ ಇಳಿಯಬೇಕು, ರಕ್ತಹೀನತೆ ಇದ್ದರೆ ರಕ್ತ ಬೇಕು.

ಆದರೆ ನಿಜವಾದ ಹೃದಯಾಘಾತವೂ ವೈರಸ್ ಜ್ವರದ ಬೆನ್ನಿಗೇ ಬರುತ್ತದೆ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇನ್‌ಫ್ಲುಯೆಂಜ ದೃಢಪಟ್ಟ ಮೊದಲ 7 ದಿನಗಳಲ್ಲಿ ಹೃದಯಾಘಾತದ ಸಂಭವ ಅದೇ ವ್ಯಕ್ತಿಗಳ ಉಳಿದ ದಿನಗಳಿಗಿಂತ ಆರು ಪಟ್ಟು ಹೆಚ್ಚಿತ್ತು. ಉರಿಯೂತವು ಹೃದಯದ ರಕ್ತನಾಳದಲ್ಲಿ ಮೊದಲೇ ಕೂತಿದ್ದ ಕೊಬ್ಬಿನ ಪದರವನ್ನು ಒಡೆಯುತ್ತದೆ, ಅದರ ಮೇಲೆ ಹೆಪ್ಪು ಕೂಡುತ್ತದೆ. ಆದ್ದರಿಂದ ಜ್ವರದ ರೋಗಿ ‘ಎದಿ ಹಿಡದಂಗ ಆಗೈತ್ರಿ’ ಎಂದಾಗ ಅದನ್ನು ಕೆಮ್ಮಿನ ನೋವು, ಗ್ಯಾಸು ಎಂದು ತಳ್ಳಿಹಾಕದೆ ಕೂಡಲೇ ಇಸಿಜಿ ತೆಗೆಯಬೇಕು. ಟ್ರೋಪೋನಿನ್ ವರದಿಗೆ ಕಾಯುವ ಮುಂಚೆ ಮಾಡಬೇಕಾದ, ಹತ್ತು ನಿಮಿಷದ ಪರೀಕ್ಷೆ ಅದು.

ಅಂಕಿಗಳು ಮತ್ತು ಸಾವು-ಬದುಕು

2020ರ ಮಾರ್ಚ್‌ನಲ್ಲಿ ವುಹಾನ್‌ನಿಂದ ಎರಡು ವರದಿಗಳು ಬಂದವು. ಮೊದಲನೆಯದರಲ್ಲಿ 416 ರೋಗಿಗಳ ಪೈಕಿ 82 ಮಂದಿಗೆ, ಅಂದರೆ ಐವರಲ್ಲಿ ಒಬ್ಬರಿಗೆ, ಹೃದಯಸ್ನಾಯು ಹಾನಿಯಾಗಿತ್ತು. ಹಾನಿಯಾದವರಲ್ಲಿ ನೂರಕ್ಕೆ 51 ಮಂದಿ ತೀರಿಕೊಂಡರು. ಹಾನಿಯಾಗದವರಲ್ಲಿ ನೂರಕ್ಕೆ 4.5. ಎರಡನೆಯದು 187 ರೋಗಿಗಳನ್ನು ನಾಲ್ಕು ಗುಂಪು ಮಾಡಿತು. ಹಳೆಯ ಹೃದಯರೋಗವೂ ಇಲ್ಲ, ಟ್ರೋಪೋನಿನ್ನೂ ಏರಿಲ್ಲ ಎಂಬವರಲ್ಲಿ ಸಾವು ಶೇ. 7.6. ಹೃದಯರೋಗವಿದ್ದೂ ಟ್ರೋಪೋನಿನ್ ಏರದವರಲ್ಲಿ ಶೇ. 13.3. ಹೃದಯರೋಗವಿಲ್ಲದೆ ಟ್ರೋಪೋನಿನ್ ಏರಿದವರಲ್ಲಿ ಶೇ. 37.5. ಎರಡೂ ಇದ್ದವರಲ್ಲಿ ಶೇ. 69.4.

ಈ ನಾಲ್ಕು ಅಂಕಿಗಳಲ್ಲಿ ನಡುವಿನ ಎರಡನ್ನು ನಿಧಾನವಾಗಿ ನೋಡಬೇಕು. ಹೃದಯರೋಗವಿದೆ ಎಂದು ಹೆದರಿದ್ದ ರೋಗಿ, ಟ್ರೋಪೋನಿನ್ ಏರದಿದ್ದರೆ, ಹೃದಯರೋಗವೇ ಇಲ್ಲವೆಂದು ನಿಶ್ಚಿಂತನಾಗಿದ್ದ ಆದರೆ ಟ್ರೋಪೋನಿನ್ ಏರಿದ ರೋಗಿಗಿಂತ ಸುರಕ್ಷಿತನಾಗಿದ್ದ. ಕಾಯಿಲೆಯ ಹಳೆಯ ಚರಿತ್ರೆಗಿಂತ ಈ ಹೊತ್ತು ಮೈಯಲ್ಲಿ ನಡೆಯುತ್ತಿರುವುದೇ ಹೆಚ್ಚು ತೂಕದ್ದು ಎಂದಾಯಿತು. ಈ ವಿಷಯದ ಅತ್ಯಂತ ಮುಖ್ಯ ತಿಳಿವು ಇದೇ ಎಂದು ನನ್ನ ಭಾವನೆ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಗಳ 2,736 ರೋಗಿಗಳ ಅಧ್ಯಯನ ಇದನ್ನು ಬೇರೆ ಜನಸಮುದಾಯದಲ್ಲಿ ಬಲಪಡಿಸಿತು. ಅಲ್ಲಿ ಶೇ. 36 ಮಂದಿಯಲ್ಲಿ ಟ್ರೋಪೋನಿನ್ ಏರಿತ್ತು. ವಯಸ್ಸು ಮತ್ತು ಇತರ ರೋಗಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಸಣ್ಣ ಏರಿಕೆಯಿದ್ದವರಲ್ಲಿ ಸಾವಿನ ಅಪಾಯ ಸುಮಾರು 1.75 ಪಟ್ಟು, ಮೇರೆಯ ಮೂರು ಪಟ್ಟಿಗೂ ಮೀರಿದವರಲ್ಲಿ ಸುಮಾರು 3 ಪಟ್ಟು ಇತ್ತು.

ಇಂಥ ಅಧ್ಯಯನಗಳಿಗೆ ಒಂದು ಮಿತಿಯಿದೆ. ಟ್ರೋಪೋನಿನ್ ಪರೀಕ್ಷೆ ಮಾಡಿಸುವುದು ಹೆಚ್ಚಾಗಿ ವೈದ್ಯರಿಗೆ ಅನುಮಾನ ಬಂದವರಿಗೆ. ಹಗುರವಾಗಿ ಬಳಲಿ ಮನೆಯಲ್ಲೇ ಗುಣವಾದವರು ಲೆಕ್ಕದಲ್ಲಿ ಇರುವುದಿಲ್ಲ. ಆದ್ದರಿಂದ ಆಸ್ಪತ್ರೆಯ ಈ ಪ್ರಮಾಣಗಳನ್ನು ಊರಿನ ಪ್ರತಿ ಜ್ವರದವರಿಗೂ ಹಚ್ಚಲಾಗದು.

ಡಿ-ಡೈಮರ್ ಕತೆ ಇನ್ನೊಂದು ಪಾಠ ಕಲಿಸಿತು. ವುಹಾನ್‌ನ 191 ರೋಗಿಗಳ ವರದಿಯಲ್ಲಿ ದಾಖಲಾಗುವಾಗಲೇ ಡಿ-ಡೈಮರ್ ಮಿಲಿಲೀಟರ್‌ಗೆ 1 ಮೈಕ್ರೋಗ್ರಾಂ ಮೀರಿದವರಲ್ಲಿ ಸಾವು ಬಹಳ ಹೆಚ್ಚಿತ್ತು. ಭಾರತದ ಕೋವಿಡ್ ಚಿಕಿತ್ಸಾ ಮಾರ್ಗಸೂಚಿಯೂ ಆಸ್ಪತ್ರೆ ಸೇರಿದವರಲ್ಲಿ ಸಿಆರ್‌ಪಿ, ಡಿ-ಡೈಮರ್‌ಗಳನ್ನು 48ರಿಂದ 72 ಗಂಟೆಗೊಮ್ಮೆ ನೋಡಲು ಹೇಳಿತು. ಡಿ-ಡೈಮರ್ ಏರಿದರೆ ಹೆಪ್ಪು ತಡೆಯುವ ಹೆಪಾರಿನ್ ಹೆಚ್ಚಿಸುವುದೇ ದಾರಿ ಎಂದು ಎಲ್ಲೆಡೆ ನಂಬಿಕೆ ಬೆಳೆಯಿತು. 2021ರ ಆಗಸ್ಟ್‌ನಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳು ಆ ನಂಬಿಕೆಯನ್ನು ತಿದ್ದಿದವು. ಪೂರ್ಣ ಪ್ರಮಾಣದ ಹೆಪಾರಿನ್‌ನಿಂದ ಐಸಿಯುನಲ್ಲಿದ್ದ ತೀವ್ರ ರೋಗಿಗಳಿಗೆ ಲಾಭವಾಗಲಿಲ್ಲ. ಅಷ್ಟು ತೀವ್ರವಲ್ಲದವರಿಗೆ ಲಾಭವಾಯಿತು, ಅದೂ ಡಿ-ಡೈಮರ್ ಏರಿದ್ದರೂ ಏರದಿದ್ದರೂ. ಅಪಾಯವನ್ನು ಮುಂಚಿತವಾಗಿ ಹೇಳುವ ಅಂಕಿ ಚಿಕಿತ್ಸೆಯನ್ನೂ ಹೇಳುತ್ತದೆ ಎಂದು ಭಾವಿಸುವಂತಿಲ್ಲ. ಆ ಕಾಲದಲ್ಲಿ ಜೀವ ಉಳಿಸಿದ್ದು ಡೆಕ್ಸಾಮೆಥಾಸೋನ್‌ನಂಥ ಅಗ್ಗದ ಸ್ಟೀರಾಯ್ಡ್. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದವರ ಸಾವು ಅದರಿಂದ ಶೇ. 41.4ರಿಂದ 29.3ಕ್ಕೆ ಇಳಿಯಿತು. ಅದನ್ನು ಯಾರಿಗೆ ಕೊಡಬೇಕೆಂದು ಹೇಳಿದ್ದು ರೋಗಿಗೆ ಆಮ್ಲಜನಕದ ಅಗತ್ಯವಿದೆಯೇ ಎಂಬ ಸರಳ ಪ್ರಶ್ನೆ, ರಕ್ತಸೂಚಕವಲ್ಲ.

ಡೆಂಗಿ, ಸಲೈನ್ ಮತ್ತು ಸೋತ ಹೃದಯ

ಡೆಂಗಿಯಲ್ಲಿ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲೆ. ಜ್ವರ ಇಳಿಯುವ ಹೊತ್ತಿಗೆ ಶುರುವಾಗುವ 24ರಿಂದ 48 ಗಂಟೆಗಳ ಅಪಾಯದ ಅವಧಿಯಲ್ಲಿ ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯುತ್ತದೆ. ಆಗ ಸಲೈನ್ ಬೇಕೇ ಬೇಕು. ಆದರೆ ಸೋರಿದ ನೀರು ಆಮೇಲಿನ ದಿನಗಳಲ್ಲಿ ರಕ್ತನಾಳಕ್ಕೆ ತಾನೇ ಮರಳುತ್ತದೆ. ಆ ಹೊತ್ತಿಗೂ ಬಾಟಲಿ ಮೇಲೆ ಬಾಟಲಿ ಹಚ್ಚಿದ್ದರೆ, ಹೃದಯಸ್ನಾಯು ವೈರಸ್ಸಿನಿಂದ ಸ್ವಲ್ಪ ಬಳಲಿದ್ದರೂ ಸಾಕು, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಎನ್‌ಟಿ-ಪ್ರೋಬಿಎನ್‌ಪಿ ಏರಿಕೆ, ಟ್ರೋಪೋನಿನ್ ಏರಿಕೆ, ಜ್ವರ ಬಿಟ್ಟ ಮೇಲೆ ನಾಡಿ ಅತಿ ನಿಧಾನವಾಗುವುದು ಇವು ಹೃದಯದ ಕಡೆ ನೋಡಿ ಎಂಬ ಎಚ್ಚರಿಕೆಗಳು. ಡೆಂಗಿಯ ಹೃದಯಸ್ನಾಯು ದೌರ್ಬಲ್ಯ ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ತಾನೇ ಸರಿಹೋಗುತ್ತದೆ. ಅಲ್ಲಿಯವರೆಗೆ ಅದರ ಮೇಲೆ ಭಾರ ಹೇರದಿರುವುದೇ ಚಿಕಿತ್ಸೆ.

ನಮ್ಮ ಕಡೆ ಸುಸ್ತಾದವರೆಲ್ಲ ‘ಒಂದ್ ಸಲಾಯಿನ್ ಹಚ್ಚ್ರಿ’ ಎಂದು ಕೇಳುವ ರೂಢಿಯಿದೆ. ಕೇಳಿದವರಿಗೆಲ್ಲ ಹಚ್ಚುವವರೂ ಇದ್ದಾರೆ. ಹೊಲದ ಕೆಲಸ ಬಿಟ್ಟು ಬಂದವರಿಗೆ ಬೇಗ ಮೈ ಎದ್ದು ನಿಲ್ಲಬೇಕೆಂಬ ಆತುರ ಸಹಜವೇ. ಆದರೆ ಅರವತ್ತು ದಾಟಿದ, ಬಿಪಿಯ ಅಥವಾ ಕವಾಟದ ತೊಂದರೆಯಿರುವ ಜ್ವರದ ರೋಗಿಗೆ ಬೇಕಿಲ್ಲದ ಎರಡು ಬಾಟಲಿ ಸಲೈನ್ ರಾತ್ರೋರಾತ್ರಿ ಉಸಿರು ಕಟ್ಟಿಸಬಲ್ಲದು. ನೋವಿಗೆಂದು ಡೈಕ್ಲೋಫಿನಾಕ್ ಚುಚ್ಚುಮದ್ದು ಹಾಕಿಸಿಕೊಳ್ಳುವುದು ಇನ್ನೊಂದು ಅಪಾಯ. ಡೆಂಗಿಯಲ್ಲಿ ಅದು ರಕ್ತಸ್ರಾವ ಹೆಚ್ಚಿಸುತ್ತದೆ, ಮೂತ್ರಪಿಂಡಕ್ಕೂ ಕೆಡುಕು. ಬಾಯಿಂದ ನೀರು ಕುಡಿಯಬಲ್ಲವರಿಗೆ ಓಆರ್‌ಎಸ್, ಗಂಜಿ, ಮಜ್ಜಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್. ಹಗುರವಾದ ಡೆಂಗಿಗೆ ವೈದ್ಯಶಾಸ್ತ್ರ ಹೇಳುವುದೂ ಇಷ್ಟನ್ನೇ.

ಹಳ್ಳಿಯಿಂದ ನವನಗರಕ್ಕೆ

ಬೇವೂರಿನ ಮಟ್ಟದಲ್ಲಿ ಪ್ರತಿ ಜ್ವರಕ್ಕೂ ಟ್ರೋಪೋನಿನ್ ಮಾಡಿಸುವುದು ಅನಗತ್ಯ, ತಪ್ಪೂ ಹೌದು. ಹಗುರ ಜ್ವರದಲ್ಲಿ ಕಂಡ ಸಣ್ಣ ಏರಿಕೆ ಮನೆಯವರನ್ನು ಹೆದರಿಸಿ, ಬೇಕಿಲ್ಲದ ಆಂಜಿಯೋಗ್ರಾಂವರೆಗೂ ಒಯ್ಯಬಹುದು. ಮೊದಲು ನೋಡಬೇಕಾದ್ದು ಬೆರಳಿಗೆ ಹಾಕುವ ಆಕ್ಸಿಮೀಟರ್, ಉಸಿರಿನ ಗತಿ, ನಾಡಿ, ರಕ್ತದೊತ್ತಡ ಮತ್ತು ಕೈಕಾಲು ತಣ್ಣಗಾಗಿವೆಯೇ ಎಂಬುದು. ಆಮ್ಲಜನಕ 94ಕ್ಕಿಂತ ಕೆಳಗಿಳಿದರೆ, ಕೂತಲ್ಲೇ ದಮ್ಮು ಹತ್ತಿದರೆ, ಮಲಗಿದರೆ ಉಸಿರಾಡಲಾಗದೆ ಎದ್ದು ಕೂರುವಂತಾದರೆ, ಎದೆ ಬಿಗಿದರೆ, ತಲೆ ತಿರುಗಿ ಬಿದ್ದರೆ, ಮೂತ್ರ ಕಡಿಮೆಯಾದರೆ ಕಾಯುವಂತಿಲ್ಲ. ಇವುಗಳಲ್ಲಿ ಒಂದಾದರೂ ಇದ್ದಾಗ ಇಸಿಜಿ, ಟ್ರೋಪೋನಿನ್, ಎನ್‌ಟಿ-ಪ್ರೋಬಿಎನ್‌ಪಿ, ಎಕೋಗಳಿಗೆ ಅರ್ಥ ಬರುತ್ತದೆ.

ರಾಜ್ಯದ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳ ತಜ್ಞರು ಕೂಡಲೇ ಓದುವ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಜಾರಿಯಲ್ಲಿದೆ. ವೈರಸ್ ಜ್ವರದ ರೋಗಿಗಳ ದೃಷ್ಟಿಯಿಂದಲೂ ಇದು ಬೆಲೆಯುಳ್ಳ ವ್ಯವಸ್ಥೆ. ಏಕೆಂದರೆ ಹೃದಯಾಘಾತವೋ ಹೃದಯಸ್ನಾಯು ಉರಿಯೂತವೋ ಎಂಬ ಗೊಂದಲದಲ್ಲಿ ಹೆಪ್ಪು ಕರಗಿಸುವ ಮದ್ದು ಕೊಡುವುದಕ್ಕೆ ಮುಂಚೆ ಅನುಭವಿಯ ಕಣ್ಣು ಬೇಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದವರಿಗೆ ಆ ಮದ್ದು ಪ್ರಾಣಾಪಾಯ ತಂದೊಡ್ಡಬಹುದು.

ರೋಗಿಯನ್ನು ಕಳಿಸುವಾಗ ಮೊದಲ ರಕ್ತ ತೆಗೆದ ಗಂಟೆ, ಪರೀಕ್ಷೆಯ ಬಗೆ, ಅಂಕಿ, ಕೊಟ್ಟ ಸಲೈನ್ ಎಷ್ಟು ಎಂಬುದನ್ನು ಚೀಟಿಯಲ್ಲಿ ಬರೆದು ಕಳಿಸಿದರೆ ಮುಂದಿನ ವೈದ್ಯರ ಅರ್ಧ ಕೆಲಸ ಹಗುರಾಗುತ್ತದೆ. ಅಂಕಿ ಸಹಜವಾಗಿ ಬಂದರೂ ಅದನ್ನು ಬರೆಯಬೇಕು. ಗಂಭೀರವಾಗಿ ಕಾಣುವ ರೋಗಿಯಲ್ಲಿ ಎರಡು ಸಲವೂ ಸಹಜವಾಗಿ ಬಂದ ಟ್ರೋಪೋನಿನ್, ಹೃದಯದ ಮಟ್ಟಿಗೆ, ಈ ಪರೀಕ್ಷೆ ಕೊಡಬಲ್ಲ ಅತ್ಯಂತ ಒಳ್ಳೆಯ ಸುದ್ದಿ.

ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ

ಕೋವಿಡ್ ನಂತರ ಎಳೆಯ ವಯಸ್ಸಿನವರ ಹಠಾತ್ ಸಾವುಗಳು ನಾಡಿನಲ್ಲಿ ದೊಡ್ಡ ಆತಂಕ ಹುಟ್ಟಿಸಿದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನವರ 729 ವಿವರಿಸಲಾಗದ ಹಠಾತ್ ಸಾವುಗಳನ್ನು 2,916 ಜೀವಂತರೊಂದಿಗೆ ಹೋಲಿಸಿ ನೋಡಿತು. ಕೋವಿಡ್‌ನಿಂದ ಹಿಂದೆ ಆಸ್ಪತ್ರೆ ಸೇರಿದ್ದವರಲ್ಲಿ ಇಂಥ ಸಾವಿನ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಲಸಿಕೆಯ ಎರಡು ಡೋಸ್ ಪಡೆದವರಲ್ಲಿ ಅದು ಕಡಿಮೆಯಿತ್ತು. ಸಾವಿಗೆ ಹಿಂದಿನ 48 ಗಂಟೆಗಳಲ್ಲಿ ವಿಪರೀತ ಮದ್ಯ ಕುಡಿಯುವುದು, ಅತಿಯಾದ ದೈಹಿಕ ಶ್ರಮ, ಮನೆತನದಲ್ಲಿ ಹಠಾತ್ ಸಾವು ಆಗಿರುವುದು ಇವೂ ಅಪಾಯ ಹೆಚ್ಚಿಸಿದ ಸಂಗತಿಗಳು. 2025ರಲ್ಲಿ ಹಾಸನ ಜಿಲ್ಲೆಯ ಇಂಥ ಸಾವುಗಳ ಚರ್ಚೆ ಕಾವೇರಿದಾಗ, ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಎಳೆಯರ ಹೃದಯರೋಗಕ್ಕೂ ಹಿಂದಿನ ಕೋವಿಡ್ ಸೋಂಕು ಅಥವಾ ಲಸಿಕೆಗೂ ನೇರ ಕಾರಣಸಂಬಂಧ ಕಾಣಲಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನಗಳತ್ತ ಬೊಟ್ಟು ಮಾಡಿತು. ಹೃದಯಸ್ನಾಯು ಉರಿಯೂತಕ್ಕೆ ಅಪರೂಪವಾಗಿ ಕಾರಣವಾದದ್ದು ಹೆಚ್ಚಾಗಿ ಎಂಆರ್‌ಎನ್‌ಎ ಲಸಿಕೆಗಳು. ನಮ್ಮ ಹಳ್ಳಿಗಳಲ್ಲಿ ಹಾಕಿದ್ದು ಆ ಬಗೆಯವಲ್ಲ, ಕೋವಿಶೀಲ್ಡ್ ಮತ್ತು ಕೊವ್ಯಾಕ್ಸಿನ್.

ಲಸಿಕೆ ಹೃದಯವನ್ನು ಕಾಯುವುದಕ್ಕೂ ಪುರಾವೆಯಿದೆ. ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರಿಗೆ ಅಲ್ಲಿಯೇ ಇನ್‌ಫ್ಲುಯೆಂಜ ಲಸಿಕೆ ಹಾಕಿ ನೋಡಿದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವರ್ಷದೊಳಗಿನ ಸಾವು ಶೇ. 4.9ರಿಂದ 2.9ಕ್ಕೆ ಇಳಿದಿತ್ತು. ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವ ಈ ಲಸಿಕೆಯನ್ನು ನಮ್ಮ ಕಡೆಯ ಹೃದ್ರೋಗಿಗಳಲ್ಲಿ ಕೇಳಿ ಪಡೆಯುವವರು ವಿರಳ. ಹೇಳುವ ವೈದ್ಯರೂ ಹೆಚ್ಚಾಗಬೇಕು.

ಟ್ರೋಪೋನಿನ್ ಏರಿದ್ದ ರೋಗಿ ಗುಣವಾಗಿ ಹೊರಟಾಗ ಬಿಡುಗಡೆ ಚೀಟಿಯಲ್ಲಿ ಆ ಸಂಗತಿ ಎದ್ದು ಕಾಣುವಂತಿರಬೇಕು. ಕೆಲವು ವಾರಗಳ ನಂತರ ಒಂದು ಎಕೋ, ಬಳಲಿಕೆ ಉಳಿದಿದ್ದರೆ ಎನ್‌ಟಿ-ಪ್ರೋಬಿಎನ್‌ಪಿ, ಎದೆಬಡಿತ ತಪ್ಪುತ್ತಿದ್ದರೆ ಇಸಿಜಿ ಮಾಡಿಸಬೇಕು. ಹೃದಯಸ್ನಾಯು ಉರಿಯೂತ ಖಚಿತವಾದವರು ಮೂರರಿಂದ ಆರು ತಿಂಗಳು ಭಾರಿ ಶ್ರಮ ಮಾಡಬಾರದೆಂಬುದು ಒಪ್ಪಿತ ಸಲಹೆ. ವಾಸಿಯಾಗದ ಸ್ನಾಯುವಿನ ಮೇಲೆ ಶ್ರಮ ಬಿದ್ದರೆ ಹೃದಯದ ಲಯ ತಪ್ಪಿ ಹಠಾತ್ ಸಾವು ಬರಬಹುದು. ಈ ಸಲಹೆಯನ್ನು ಪುಸ್ತಕಗಳು ಕ್ರೀಡಾಪಟುಗಳನ್ನು ಕಣ್ಣೆದುರು ಇಟ್ಟುಕೊಂಡು ಬರೆಯುತ್ತವೆ. ಇಳಕಲ್ಲಿನ ಕ್ವಾರಿಯಲ್ಲಿ ಕಲ್ಲು ಎತ್ತುವವರಿಗೆ, ಬಾದಾಮಿ-ಹುನಗುಂದ ಕಡೆಯಿಂದ ಗೋವಾ, ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವರಿಗೆ ಇದು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಅವರ ಚೀಟಿಯಲ್ಲಿ ‘ವಿಶ್ರಾಂತಿ’ ಎಂದಷ್ಟೇ ಬರೆದರೆ ಮರುವಾರವೇ ಕೆಲಸಕ್ಕೆ ಇಳಿಯುತ್ತಾರೆ. ಯಾವ ಕೆಲಸ ಮಾಡಬಹುದು, ಯಾವುದು ಬೇಡ, ಎಷ್ಟು ತೂಕದವರೆಗೆ ಎತ್ತಬಹುದು, ಮುಂದಿನ ಎಕೋ ಯಾವ ತಾರೀಖಿಗೆ ಎಂಬುದನ್ನು ಕನ್ನಡದಲ್ಲಿ ಬರೆದು, ರೋಗಿಗೂ ಮನೆಯವರಿಗೂ ಓದಿ ಹೇಳಿ ಕಳಿಸಬೇಕು.